ಕಾಗೆ ಎಲ್ಲಿ?

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ ಹಕ್ಕಿ ಎಣಿಸುವ ನಮ್ಮಂಥ ಹೆಂಗಸರ ಪಟ್ಟಿ ವಿಜ್ಞಾನವಲ್ಲವೆಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ನಿಂತಿರುವುದೇ ಸುಮಾರು 30,000 ಪಕ್ಷಿವೀಕ್ಷಕರು ‘ಈಬರ್ಡ್’ ಜಾಲತಾಣದಲ್ಲಿ ಬರೆದಿಟ್ಟ 3 ಕೋಟಿ ದಾಖಲೆಗಳ ಮೇಲೆ. ಗುಬ್ಬಚ್ಚಿ ಮಾಯವಾಯಿತೆಂದು ಎಲ್ಲರೂ ಗೋಳಿಡುತ್ತಿದ್ದಾಗ, ದೊಡ್ಡ ನಗರಗಳಲ್ಲಿ ಕಡಿಮೆಯಾಗಿದ್ದರೂ ದೇಶದಲ್ಲಿ ಒಟ್ಟಾರೆ ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದು 2020ರ ವರದಿ ತೋರಿಸಿದ್ದೂ ಇಂಥ ಪಟ್ಟಿಗಳಿಂದಲೇ.

ಪಟ್ಟಿ ಕೆಡುವುದು ಬರೆದವಳು ಗೃಹಿಣಿಯೆಂದಲ್ಲ. ದುಬಾರಿ ಕ್ಯಾಮರಾದ ಮಹಾಶಯರು ಅಪರೂಪದ ಹಕ್ಕಿಯೊಂದನ್ನೇ ಬರೆದು ಕಾಗೆ, ಮೈನಾಗಳನ್ನು ಬಿಟ್ಟುಬಿಡುವುದರಿಂದ. ಹದಿನೈದು ನಿಮಿಷ ನಿಂತು ಕಂಡದ್ದನ್ನೆಲ್ಲ ಬರೆದರೆ ಮಾತ್ರ, ಪಟ್ಟಿಯಲ್ಲಿಲ್ಲದ ಹಕ್ಕಿ ಅಲ್ಲಿ ಕಾಣಲಿಲ್ಲವೆಂದು ಲೆಕ್ಕ ಹಿಡಿಯಬಹುದು. ಗುರುತು ಸಿಗದ್ದಕ್ಕೆ ಹೆಸರು ಹಚ್ಚಬೇಡಿ. ಪರಿಶೀಲಕರು “ಖಚಿತವೇ?” ಎಂದು ಕೇಳಿದರೆ ಮುನಿಸೂ ಬೇಡ, ಅಕ್ಕಿ ಆರಿಸುವಾಗ ನಾವು ಕಲ್ಲು ತೆಗೆಯುವುದಿಲ್ಲವೇ? ಆ ಕ್ಯಾಮರಾದವರನ್ನೂ ಯಾರಾದರೂ ಕೇಳಲಿ, ಕಾಗೆ ಎಲ್ಲಿ ಅಂತ.