ಮೈದಾನದ ಗೇಟನ್ನು ಮುಚ್ಚಿದವರು ಯಾರು?

2022ರ ಅಕ್ಟೋಬರ್ 13ರಂದು ಕರ್ನಾಟಕದ ಹಿಜಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಮರುದಿನ ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ, ಹದಿನೇಳು ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಭಾರತವೂ ಮೊರಾಕ್ಕೊವೂ ಎದುರುಬದುರಾದವು. ಮೊರಾಕ್ಕೊ 3-0 ಅಂತರದಿಂದ ಗೆದ್ದಿತು. ಮೊದಲ ಸುದ್ದಿಯನ್ನು ನಾವು ತಿಂಗಳುಗಟ್ಟಲೆ ಚರ್ಚಿಸಿದೆವು. ಎರಡನೆಯದನ್ನು ಹೊಸಪೇಟೆ, ಕಂಪ್ಲಿ, ಸಂಡೂರುಗಳ ನಮ್ಮ ಎಷ್ಟು ಮನೆಗಳು ಗಮನಿಸಿದವು?

ಆತಿಥೇಯ ಭಾರತಕ್ಕೆ ಆ ಪಂದ್ಯಾವಳಿ ಕಹಿಯಾಗಿತ್ತು. ಅಮೆರಿಕ ಎದುರು 8-0, ಬ್ರೆಜಿಲ್ ಎದುರು 5-0. ಮೂರೂ ಪಂದ್ಯಗಳಲ್ಲಿ ಒಂದೂ ಗೋಲಿಲ್ಲ. ಆದರೆ ಮೊರಾಕ್ಕೊದ ಹುಡುಗಿಯರಿಗೂ ಅದು ಮೊದಲ ವಿಶ್ವಕಪ್ಪೇ. ಇಂದು ಆ ಮುಸ್ಲಿಮ್ ಬಹುಸಂಖ್ಯಾತ ರಾಷ್ಟ್ರ ಇದೇ ಪಂದ್ಯಾವಳಿಗೆ 2025ರಿಂದ 2029ರವರೆಗೆ ಪ್ರತಿವರ್ಷವೂ ಆತಿಥ್ಯ ವಹಿಸುವ ಹೊಣೆ ಹೊತ್ತಿದೆ. 2016ರಲ್ಲಿ ಜೋರ್ಡಾನ್ ಇದನ್ನು ನಡೆಸಿತ್ತು.

ವಸ್ತ್ರದ ತಕರಾರು ಅಲ್ಲಿಯೂ ಇತ್ತು. 2011ರಲ್ಲಿ ತಲೆವಸ್ತ್ರ ಧರಿಸಿದ್ದ ಇರಾನಿನ ಮಹಿಳಾ ತಂಡಕ್ಕೆ ಜೋರ್ಡಾನ್ ವಿರುದ್ಧದ ಒಲಿಂಪಿಕ್ ಅರ್ಹತಾ ಪಂದ್ಯ ಆಡಲು ಅವಕಾಶ ಸಿಗಲಿಲ್ಲ. ಮನವಿ, ವಾದ, ಪ್ರಯೋಗಗಳ ಬಳಿಕ 2014ರಲ್ಲಿ ಆಟದ ನಿಯಮವೇ ಬದಲಾಯಿತು. 2023ರ ಮಹಿಳಾ ವಿಶ್ವಕಪ್‌ನಲ್ಲಿ ಮೊರಾಕ್ಕೊದ ನುಹೈಲಾ ಬೆಂಝೀನಾ ಹಿಜಾಬ್ ಧರಿಸಿಯೇ ಆಡಿದರು. ಹಾಗಾಗಿ ಫುಟ್‌ಬಾಲ್ ಮೈದಾನದ ಮಟ್ಟಿಗೆ ಆ ನೆಪ ಈಗ ಉಳಿದಿಲ್ಲ.

ಉಳಿದಿರುವುದು ನಮ್ಮದೇ ಗೇಟು. ಐದನೆಯ ತರಗತಿಯವರೆಗೆ ತಮ್ಮನೊಂದಿಗೆ ಗಲ್ಲಿಯಲ್ಲಿ ಚೆಂಡು ಒದೆಯುವ ಹುಡುಗಿ ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಬಾಗಿಲ ಮರೆಯ ಪ್ರೇಕ್ಷಕಿಯಾಗುತ್ತಾಳೆ. "ಜನ ಏನಂದಾರು" ಎಂಬ ಮಾತನ್ನು ನಾವು ಬಹು ಸುಲಭವಾಗಿ ದೀನ್‌ನ ಮಾತಾಗಿಸಿದ್ದೇವೆ. ಹಝ್ರತ್ ಆಯಿಶಾ(ರ)ರೊಂದಿಗೆ ಪ್ರವಾದಿ(ಸ)ಯವರು ಓಟದ ಪಂದ್ಯ ಹೂಡಿದ್ದನ್ನು, ಅದರಲ್ಲಿ ಒಮ್ಮೆ ಆಕೆಯೇ ಗೆದ್ದುದನ್ನು ಹದೀಸ್ ದಾಖಲಿಸಿದೆ. ಆ ಪ್ರಸಂಗವನ್ನು ನಿಕಾಹ್‌ನ ಪ್ರವಚನಗಳಲ್ಲಿ ದಾಂಪತ್ಯದ ಸರಸಕ್ಕೆ ಉದಾಹರಣೆಯಾಗಿ ಕೇಳುತ್ತೇವೆ, ಮಗಳ ಓಟದ ಪ್ರಶ್ನೆ ಬಂದಾಗ ಮರೆಯುತ್ತೇವೆ. ಇದು ನ್ಯಾಯವೇ?

ಈ ಮಣ್ಣಿಗೂ ಇದು ಹೊಸತಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ವರ್ತಕ ನೂನಿಜ್, ಅರಮನೆಯಲ್ಲಿ ಕುಸ್ತಿಯಾಡುವ ಸ್ತ್ರೀಯರಿದ್ದರೆಂದು ಹೇಳಿದ್ದಾನೆ. ಇಂದು ಹಂಪಿಯ ಕಲ್ಲುಗಳಿಂದ ಅನತಿದೂರದಲ್ಲಿ, ಸಂಡೂರು ತಾಲೂಕಿನ ತೋರಣಗಲ್ಲಿನ ಬಳಿ, ದೇಶದ ಹಲವೆಡೆಯ ಮಕ್ಕಳನ್ನು ಸೆಳೆಯುವ ಕ್ರೀಡಾ ತರಬೇತಿ ಸಂಸ್ಥೆಯೇ ಇದೆ. ಅದಿರಿನ ಲಾರಿಗಳ ಧೂಳು ಕುಡಿಯುವುದು ಮಾತ್ರ ನಮ್ಮ ಮಕ್ಕಳ ಪಾಲಿಗೆ ಎಂದು ಗೊಣಗುವ ನಾವು, ಅಲ್ಲಿನ ಆಯ್ಕೆಗೆ ಹೆಣ್ಣುಮಗಳೊಬ್ಬಳನ್ನು ಸಿದ್ಧಗೊಳಿಸುವ ಯೋಚನೆಯನ್ನಾದರೂ ಮಾಡಿದ್ದೇವೆಯೇ?

ತಾಯಂದಿರ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಶೌಚಾಲಯವಿಲ್ಲದ ಮೈದಾನ, ಗೇಟಿನ ಬಳಿ ಗುಂಪುಗೂಡುವ ಪಡ್ಡೆಗಳು, ತರಬೇತುದಾರ್ತಿಯ ಕೊರತೆ, ಇವೆಲ್ಲ ನಿಜ. ಆದರೆ ಇವು ಬಗೆಹರಿಯದ ತೊಡಕುಗಳಲ್ಲ. ಸಮುದಾಯದ ಶಾಲೆಗಳ ಆವರಣ ಭಾನುವಾರ ಫಜ್ರ್‌ನಿಂದ ಎಂಟು ಗಂಟೆಯವರೆಗೆ ಖಾಲಿ ಬಿದ್ದಿರುತ್ತದೆ, ಸುತ್ತ ಗೋಡೆಯೂ ಇರುತ್ತದೆ. ಒಬ್ಬ ಶಿಕ್ಷಕಿ, ಎರಡು ಚೆಂಡು, ಗೇಟಿನ ಕೀಲಿ. ಕೀಲಿ ಆಡಳಿತ ಸಮಿತಿಯ ಬಳಿಯಿದೆ. ಮುಂದಿನ ಸಭೆಯಲ್ಲಿ ಅದನ್ನು ಕೇಳಬೇಕಾದವರು ತಂದೆಯಂದಿರಾದ ನಾವು.