ಧೈರ್ಯ ಬೇಡ, ದಿನಾಂಕ ಹೇಳಿ

ಕತ್ತಿನಲ್ಲಿ ಕಡಲೆಕಾಳಿನಷ್ಟು ಗಂಟೊಂದು ಕೈಗೆ ಸಿಕ್ಕಿದರೆ ಮೊದಲು ಆಗುವುದು ಉದಾಸೀನ. ನೋವಿಲ್ಲವಲ್ಲ ಎಂಬ ಸಮಾಧಾನ. ಬಹಳಷ್ಟು ಸಲ ಚಿಂತಿಸಬೇಕಾದದ್ದು ನೋಯದ ಗಂಟಿಗೇ ಎಂದು ವೈದ್ಯರು ಹೇಳಿದ ಮೇಲೆ ಮನೆಮಂದಿಯ ನಿದ್ದೆ ಹೋಗುತ್ತದೆ.

ಕಾರಣಗಳು ಹತ್ತಾರು. ಹಲ್ಲಿನ ಹುಳುಕು, ಗಂಟಲ ಸೋಂಕು, ಥೈರಾಯ್ಡ್; ನಮ್ಮ ದೇಶದಲ್ಲಂತೂ ಕ್ಷಯ. ಕೆಮ್ಮು, ಕಫ ಏನೂ ಇಲ್ಲದೆ ಕತ್ತಿನ ದುಗ್ಧಗ್ರಂಥಿಗಷ್ಟೇ ಕ್ಷಯ ತಗಲುವುದು ಇಲ್ಲಿ ಅಪರೂಪವಲ್ಲ; ಹಳಬರು ಗಂಡಮಾಲೆ ಎನ್ನುತ್ತಿದ್ದುದು ಇದನ್ನೇ. ಗುಟ್ಕಾ, ಬೀಡಿ, ಎಲೆಯಡಿಕೆಯ ಚಟವಿದ್ದವರಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದು ಕತ್ತಿನಲ್ಲೇ ಆಗಿರಬಹುದು. ಬರೀ ಮುಟ್ಟಿ ನೋಡಿ ಇದು ಇಂಥದ್ದೇ ಎಂದು ಖಚಿತವಾಗಿ ಹೇಳಲಾಗದು. ಅಮೆರಿಕದ ಇಎನ್‌ಟಿ ತಜ್ಞರ ಅಕಾಡೆಮಿಯ 2017ರ ಮಾರ್ಗಸೂಚಿಯ ಪ್ರಕಾರ, ವಯಸ್ಕರಲ್ಲಿ ಎರಡು ವಾರ ದಾಟಿದ ಗಂಟನ್ನು ಸರಿಯಾಗಿ ತಪಾಸಣೆ ಮಾಡಬೇಕು. ಸೋಂಕಿನ ಲಕ್ಷಣವಿಲ್ಲದಿದ್ದರೆ ಆ್ಯಂಟಿಬಯಾಟಿಕ್ ಬರೆಯಬಾರದು. ನಮ್ಮಲ್ಲೋ, 'ಐದು ದಿನ ಈ ಮಾತ್ರೆ ತಗೊಳ್ಳಿ, ನೋಡೋಣ' ಎನ್ನುವುದರಲ್ಲೇ ತಿಂಗಳು ಕಳೆಯುತ್ತದೆ. ಕೆಲವರು ಸ್ಟೀರಾಯ್ಡನ್ನೂ ಕೊಟ್ಟುಬಿಡುತ್ತಾರೆ. ಅದರಿಂದ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರಿನ ಗಂಟು ತಾತ್ಕಾಲಿಕವಾಗಿ ಕುಗ್ಗಿ ರೋಗವೇ ಮರೆಯಾಗಬಹುದು.

ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ, ಕೆಲವೇ ನಿಮಿಷಗಳ ಕೆಲಸ. ಸೂಜಿ ಚುಚ್ಚಿದರೆ ಗಡ್ಡೆ ಹರಡುತ್ತದೆಂಬ ಹೆದರಿಕೆಯಿಂದ ಎದ್ದು ಹೋಗುವವರು ಈಗಲೂ ಇದ್ದಾರೆ, ಹೆದರುವ ಅಗತ್ಯವಿಲ್ಲ. ನಿಜವಾದ ಸಂಕಟ ಶುರುವಾಗುವುದು ಅದರ ನಂತರ. ತೆಗೆದ ಜೀವಕೋಶಗಳು ಸಾಲದೆ ಹೋಗಬಹುದು. ಥೈರಾಯ್ಡ್ ವರದಿಗೆ ಬಳಸುವ ಬೆಥೆಸ್ಡಾ ಪದ್ಧತಿಯ ಆರು ವರ್ಗಗಳಲ್ಲಿ ಮೂರನೆಯದು 'ಖಚಿತವಾಗಿ ಹೇಳಲಾಗದು' ಎನ್ನುವುದಕ್ಕೇ ಮೀಸಲು. ಬಯಾಪ್ಸಿಯಾದರೆ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಬೇಕು. ಕ್ಷಯದ ಕಲ್ಚರ್‌ಗಂತೂ ವಾರಗಟ್ಟಲೆ ಬೇಕು. ಇಷ್ಟನ್ನು ರೋಗಿಗೆ ಬಿಡಿಸಿ ಹೇಳಿದರೆ ತಡವಾದಾಗ ಆತ 'ಏನೋ ಮುಚ್ಚಿಡುತ್ತಿದ್ದಾರೆ' ಎಂದುಕೊಳ್ಳುವುದಿಲ್ಲ. ಹೇಳುವವರು ಯಾರು? 'ಮುಂದಿನ ವಾರ ಬನ್ನಿ' ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಈ ಅನಿಶ್ಚಯವನ್ನು ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕುವುದು ಅನ್ಯಾಯ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು 45 ಮಂದಿಗೆ ಒಂದು ಕಂಪ್ಯೂಟರ್ ಆಟ ಆಡಿಸಿದರು. ಕಲ್ಲಿನಡಿ ಹಾವಿದೆಯೇ ಎಂದು ಊಹಿಸಬೇಕು. ಹಾವಿದ್ದರೆ ಕೈಗೆ ಸಣ್ಣ ವಿದ್ಯುತ್ ಆಘಾತ. ಆಘಾತ ಖಂಡಿತ ಎಂದು ಗೊತ್ತಿದ್ದಾಗಿನದಕ್ಕಿಂತ, ಇದೆಯೋ ಇಲ್ಲವೋ ಎಂಬ ಅರ್ಧಕ್ಕರ್ಧ ಅನುಮಾನದಲ್ಲಿದ್ದಾಗಲೇ ಅವರ ಒತ್ತಡ ಉತ್ತುಂಗಕ್ಕೇರಿತ್ತು. ವರದಿಗೆ ಕಾಯುವವರು ಇರುವುದು ಅದೇ ಸ್ಥಿತಿಯಲ್ಲಿ, ದಿನಗಟ್ಟಲೆ.

ನಮ್ಮ ಪ್ರೀತಿ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. 'ಅಪ್ಪನಿಗೆ ಗೊತ್ತಾಗೋದು ಬೇಡ ಡಾಕ್ಟ್ರೇ' ಎಂದು ಮಗ ವರದಿಯನ್ನು ತನ್ನ ವಾಟ್ಸ್‌ಆ್ಯಪ್‌ಗೆ ತರಿಸಿಕೊಳ್ಳುತ್ತಾನೆ. ಅಪ್ಪ ಮಗನ ಮುಖ ಓದಿ ತನಗೆ ತೋಚಿದ್ದನ್ನು ಊಹಿಸಿಕೊಳ್ಳುತ್ತಾನೆ. ಆ ಊಹೆ ವರದಿಗಿಂತ ಘೋರವಾಗಿರುವುದೇ ಹೆಚ್ಚು.

ಇಂಗ್ಲೆಂಡಿನ ಎನ್‌ಎಚ್‌ಎಸ್ 2021ರಿಂದ ಒಂದು ಗಡುವು ಇಟ್ಟುಕೊಂಡಿದೆ: ಕ್ಯಾನ್ಸರ್ ಶಂಕೆಯಿಂದ ತುರ್ತಾಗಿ ಕಳುಹಿಸಿದ ರೋಗಿಗೆ 28 ದಿನದೊಳಗೆ ಹೌದು ಅಥವಾ ಅಲ್ಲ ಎಂದು ತಿಳಿಸಬೇಕು. ಎಲ್ಲರಿಗೂ ಅದು ದಕ್ಕುತ್ತಿಲ್ಲ, ನಿಜ. ಆದರೆ ತಡವಾಯಿತೆಂದು ಕೇಳಲು ಅಲ್ಲಿ ಒಂದು ಲೆಕ್ಕವಾದರೂ ಇದೆ. ಜಿಲ್ಲಾ ಆಸ್ಪತ್ರೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾತ್ರಿ ಬಸ್ಸಿನಲ್ಲಿ ಬರುವವರಿಗೆ ಆ ಲೆಕ್ಕ ಇನ್ನೂ ಹೆಚ್ಚು ಬೇಕು. ವರದಿ ಸಿದ್ಧವಾಗಿಲ್ಲ ಎಂಬ ಒಂದು ಮಾತಿಗೆ ಅವರ ಎರಡು ದಿನದ ಕೂಲಿ ಹೋಗುತ್ತದೆ.

ಆಗಬೇಕಾದದ್ದು ದೊಡ್ಡದೇನಲ್ಲ. ಮಾದರಿ ತೆಗೆದುಕೊಂಡ ದಿನವೇ ಚೀಟಿಯ ಮೇಲೆ ಮೂರು ಸಂಗತಿ ಬರೆದುಕೊಡಲಿ: ವರದಿ ಯಾವಾಗ, ಯಾರು ವಿವರಿಸುತ್ತಾರೆ, ತಡವಾದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಅನುದಾನವೂ ಬೇಡ. ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.