ವಾರಾಹಿಯ ನೀರು ತಾರೀಖು ಕೇಳುವುದಿಲ್ಲ

1999 ಮುಗಿಯುತ್ತಿದ್ದಂತೆ ವೈ2ಕೆ ಭಯ ಊರೂರಿಗೆ ಹಬ್ಬಿತ್ತು. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಕಂಪ್ಯೂಟರುಗಳು 2000ವನ್ನು 1900 ಎಂದು ತಿಳಿದು ಕೈಕೊಡುತ್ತವೆ, ಕರೆಂಟ್ ಹೋಗುತ್ತದೆ, ವಿಮಾನಗಳು ಬೀಳುತ್ತವೆ ಎಂದು ಜನ ನಂಬಿದರು. ಈಗ ಅದೇ ಭಯ 2038ರ ಹೆಸರಿನಲ್ಲಿ ಮರಳುತ್ತಿದೆ. ಅದನ್ನು ನಂಬುವ ಮೊದಲು ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯ ಕಡೆ ನೋಡಬೇಕು.

ಅಲ್ಲಿನ ಮಾಣಿ ಅಣೆಕಟ್ಟೆಯಲ್ಲಿ ನಿಂತ ವಾರಾಹಿ ನದಿಯ ನೀರು ಘಟ್ಟದ ಬುಡಕ್ಕಿಳಿದು, ನೆಲದೊಳಗಿನ ವಿದ್ಯುದಾಗಾರದ ಟರ್ಬೈನ್ ತಿರುಗಿಸುತ್ತದೆ. ವೇಗ ಕಡಿಮೆಯಾದರೆ ಗವರ್ನರ್ ಎಂಬ ನಿಯಂತ್ರಕ ಹೆಚ್ಚು ನೀರು ಬಿಡುತ್ತದೆ, ಹೆಚ್ಚಾದರೆ ತಡೆಯುತ್ತದೆ. ಅದಕ್ಕೆ ಬೇಕಿರುವುದು ವೇಗದ ಲೆಕ್ಕ, ಇಸವಿಯಲ್ಲ. ತಾರೀಖು ಬೇಕಾಗುವುದು ಬಿಲ್ಲಿಗೆ, ಬಡ್ಡಿಗೆ, ದಾಖಲೆಗೆ.

ಹಾಗಾಗಿ ತಪ್ಪುಗಳು ಕಂಡದ್ದು ಇಂಥ ಲೆಕ್ಕಗಳಲ್ಲೇ, ಅವು 2000ದ ಹೊಸ ವರ್ಷದ ನಡುರಾತ್ರಿಗಷ್ಟೇ ಸೀಮಿತವಾಗಿರಲಿಲ್ಲ. 2000ದಲ್ಲಿ ಅವಧಿ ಮುಗಿಯುವ ಕಾರ್ಡ್ ಉಜ್ಜಿದರೆ ಬಿಲ್ಲಿಂಗ್ ಯಂತ್ರವೇ ನಿಲ್ಲುತ್ತದೆಂದು ಅಮೆರಿಕದ ಮಿಷಿಗನ್ನಿನ ಅಂಗಡಿಯೊಂದು 1997ರಲ್ಲೇ ಕೋರ್ಟಿಗೆ ಹೋಗಿತ್ತು. ನ್ಯೂಯಾರ್ಕ್ ರಾಜ್ಯದಲ್ಲಿ ಬಾಡಿಗೆ ವಿಡಿಯೊ ಕ್ಯಾಸೆಟ್ ಹಿಂದಿರುಗಿಸಿದವನಿಗೆ ನೂರು ವರ್ಷ ತಡವಾಯಿತೆಂದು 91,250 ಡಾಲರ್ ದಂಡ ಬಿತ್ತು. ಇಂಗ್ಲೆಂಡಿನ ಶೆಫೀಲ್ಡ್‌ನದು ಮಾತ್ರ ನಿಜಕ್ಕೂ ನೋವಿನ ಸಂಗತಿ: ವಯಸ್ಸಿನ ಲೆಕ್ಕ ತಪ್ಪಿ, 150ಕ್ಕೂ ಹೆಚ್ಚು ಗರ್ಭಿಣಿಯರಿಗೆ ಡೌನ್ ಸಿಂಡ್ರೋಮ್ ಪರೀಕ್ಷೆಯ ತಪ್ಪು ವರದಿ ಹೋಯಿತು. ವಿಮಾನದತ್ತ ಕಣ್ಣು ನೆಟ್ಟು ಕೂತವರಿಗೆ ಇಂಥದ್ದು ಕಾಣಲಿಲ್ಲ.

ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂಗಳನ್ನು ಸಾಲು ಸಾಲಾಗಿ ತಿದ್ದಿದ್ದಕ್ಕೇ ಜಗತ್ತು ಉಳಿಯಿತು ಎನ್ನುವವರಿದ್ದಾರೆ. ಬೆಂಗಳೂರಿನ ಕಂಪನಿಗಳಿಗೂ ಆ ಕೆಲಸ ಅನ್ನ ಕೊಟ್ಟಿದೆ. ದುಡಿದವರ ಶ್ರಮ ದೊಡ್ಡದು. ಆದರೆ ಅಮೆರಿಕದಷ್ಟು ಸಿದ್ಧತೆ ಮಾಡದ ಇಟಲಿಯಲ್ಲೂ ದೀಪ ಆರಲಿಲ್ಲ. ರಿಪೇರಿ ಬೇಕಿತ್ತು, ಪ್ರಳಯದ ಮಾತು ಬೇಕಿರಲಿಲ್ಲ.

1970ರಿಂದ ಸೆಕೆಂಡು ಎಣಿಸುವ ಹಳೆಯ 32 ಬಿಟ್ ತಂತ್ರಾಂಶದ ಲೆಕ್ಕ 2038ರ ಜನವರಿ 19ರಂದು, ನಮ್ಮ ಬೆಳಗಿನ 8 ಗಂಟೆ 44 ನಿಮಿಷಕ್ಕೆ ತುಂಬುತ್ತದೆ. ಆದರೆ ಇಂದು ಇಪ್ಪತ್ತು ವರ್ಷದ ಮನೆಸಾಲ ಪಡೆದವರ ಕೊನೆಯ ಕಂತು ಆಗಲೇ ಆ ದಿನವನ್ನು ದಾಟಿದೆ. ಹೊಸನಗರದ ಸಾಲಗಾರನೂ ಕಂತಿನ ಪಟ್ಟಿ ಬಿಡಿಸಿ ಕೊನೆಯ ಸಾಲಿನ ಇಸವಿ ನೋಡಬಹುದು. ಅಲ್ಲಿ ತಪ್ಪಿದ್ದರೆ ಬ್ಯಾಂಕಿನವರು ಇವತ್ತೇ ಸರಿಪಡಿಸಿಕೊಡಬೇಕು.